ಇಂಚಿನಲ್ಲಿ ಅಳೆದ ಬ್ಲಾಗು

ಮಾರ್ಚ್ 3

ಮುದ್ದು ಗುಂಡುಸೂಜಿ,

ನಿನ್ನ ಸುರಂಗದೊಳಗೆ ಸಿಗ್ನಲ್ ಇಲ್ಲ. ಹೊರಗೆ ಬಂದು ಫೋನ್ ಮಾಡಿದರೆ ಬಂಡೆ ಸಿಡಿಸುವ ಸದ್ದಿನಲ್ಲಿ ನನಗೆ ‘ಹಲೋ’ ಬಿಟ್ಟು ಬೇರೇನೂ ಕೇಳುವುದಿಲ್ಲ. ಅದಕ್ಕೇ ಮೇಲ್ ಬರೆಯುತ್ತಿದ್ದೇನೆ. ಭಾನುವಾರ ಪೇಟೆಗೆ ಇಳಿದಾಗ ಓದುತ್ತೀಯಲ್ಲ, ಓದಿದ ತಕ್ಷಣ ಉತ್ತರ ಹಾಕು. ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ವಿಷಯ ಏನೆಂದರೆ, ಬ್ಲಾಗಿಗೆ ಹೊಸ ಥೀಮ್ ಹಾಕಿ ಕೈ ಸುಟ್ಟುಕೊಂಡೆ. ನಲವತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ಕೂತು ರೆಡಿಮೇಡ್ ಬಟ್ಟೆಯನ್ನು ಬೈದುಕೊಂಡು ಬಂದವಳು, ಕೊನೆಗೆ ನನ್ನ ಬ್ಲಾಗಿಗೇ ರೆಡಿಮೇಡ್ ಅಂಗಿ ತಂದು ತೊಡಿಸಿದೆ. ಮಾರುವವನ ಪುಟದಲ್ಲಿ ಅದು ಎಷ್ಟು ಚೆಂದವಿತ್ತು ಗೊತ್ತಾ? ಎಡಕ್ಕೆ ಪಾಠಗಳ ಪಟ್ಟಿ, ಬಲಕ್ಕೆ ಅಳತೆಯ ಚಾರ್ಟು, ನಡುವೆ ಅಗಲವಾದ ಚಿತ್ರ. ನನ್ನ ಬ್ಲಾಗಿಗೆ ಹಾಕಿ ತೆರೆದು ನೋಡಿದರೆ ಮುಖಪುಟದಲ್ಲಿ ಯಾರೋ ಗೊತ್ತಿಲ್ಲದ ಹುಡುಗಿ ಕಾಫಿ ಕಪ್ ಹಿಡಿದು ಕಿಟಕಿಯಾಚೆ ನೋಡುತ್ತಿದ್ದಾಳೆ. ಅವಳ ಕೆಳಗೆ ಯಾವ ಭಾಷೆಗೂ ಸೇರದ ನಾಲ್ಕು ಸಾಲು. ನನ್ನ ಎಪ್ಪತ್ತೊಂದು ಕತ್ತರಿ ಪಾಠಗಳಲ್ಲಿ ಒಂದೂ ಇಲ್ಲ! ನಿನ್ನ ದೊಡ್ಡಪ್ಪ ಹಿಂದಿನಿಂದ ಬಗ್ಗಿ ನೋಡಿ, “ಯಾರೇ ಇವಳು? ನಮ್ಮನೇಲಿ ಕೂತು ಕಾಫಿ ಕುಡೀತಿದಾಳೆ, ನಿನಗೊಂದು ಲೋಟ ಕೊಟ್ಟಳಾ?” ಎಂದರು. ಬಸ್ಸು ಓಡಿಸಿ ರಿಟೈರ್ ಆದವರಿಗೆ ಎಲ್ಲವೂ ತಮಾಷೆ.

ತಮಾಷೆಯಲ್ಲ ಕಣೇ. ಏಪ್ರಿಲ್ 12ಕ್ಕೆ ಹೊಲಿಗೆ ತರಬೇತಿ ಕೇಂದ್ರದ ಮೇಲ್ವಿಚಾರಕಿ ಬ್ಲಾಗು ನೋಡುತ್ತಾರೆ. ಇಪ್ಪತ್ತೆರಡು ಜನ ಕಲಿಯುವವರಿದ್ದಾರೆ, ಎಲ್ಲರ ಕೈಯಲ್ಲೂ ಫೋನಿದೆ. ಬ್ಲಾಗು ಸರಿ ಇದೆ ಅನ್ನಿಸಿದರೆ ನನ್ನ ಪಾಠಗಳನ್ನೇ ಅವರ ತರಗತಿಗೆ ತೆಗೆದುಕೊಳ್ಳುತ್ತಾರೆ, ವಾರಕ್ಕೆರಡು ದಿನ ನಾನೇ ಹೋಗಿ ಹೇಳಿಕೊಡಬಹುದು. ಇಲ್ಲದಿದ್ದರೆ ಅಚ್ಚಾದ ಪುಸ್ತಕ ಒಂದನ್ನು ತರಿಸುತ್ತಾರಂತೆ. ಆ ಪುಸ್ತಕವನ್ನು ನಾನು ನೋಡಿದ್ದೇನೆ. ಅದರಲ್ಲಿ ಹೇಳಿದಂತೆ ಕತ್ತರಿಸಿದ ತೋಳನ್ನು ತೊಟ್ಟವನು ಕೈ ಎತ್ತಿ ಬಸ್ಸು ನಿಲ್ಲಿಸಲಾರ.

ನನಗೆ ಯಾವ ಗುರುವೂ ಇರಲಿಲ್ಲ. ಹಳೆಯ ಕೋಟುಗಳ ಹೊಲಿಗೆ ಬಿಚ್ಚಿ ಬಿಚ್ಚಿ ಕಲಿತೆ. ಕಲಿತದ್ದೆಲ್ಲ ನನ್ನ ಜೊತೆ ಹೋಗಬಾರದು, ಅಷ್ಟೇ. ಏನು ಮಾಡಲಿ ಹೇಳು.

ನಿನ್ನ ದೊಡ್ಡಮ್ಮ


ಮಾರ್ಚ್ 9

ದೊಡ್ಡಮ್ಮ,

ಗಾಬರಿಯಾಗಬೇಡಿ. ಪಾಠಗಳು ಎಲ್ಲಿಗೂ ಹೋಗಿಲ್ಲ. ಥೀಮ್ ಬರೀ ಮೇಲಿನ ಉಡುಪು, ಬರಹ ಒಳಗೆ ಹಾಗೇ ಇರುತ್ತದೆ. ಇಷ್ಟು ಮಾಡಿ:

‘ಓದುವಿಕೆ’ ಎನ್ನುವ ಸೆಟ್ಟಿಂಗ್‌ಗೆ ಹೋಗಿ. ಮುಖಪುಟದಲ್ಲಿ ಏನು ತೋರಿಸಬೇಕು ಎಂದು ಕೇಳುತ್ತದೆ. ‘ಇತ್ತೀಚಿನ ಬರಹಗಳು’ ಆರಿಸಿ. ಕಾಫಿ ಹುಡುಗಿ ಎದ್ದು ಹೋಗುತ್ತಾಳೆ. ಆಮೇಲೆ ‘ಮೆನು’ಗೆ ಹೋಗಿ. ನಿಮ್ಮ ಹಳೆಯ ಮೆನು ಅಲ್ಲೇ ಇರುತ್ತದೆ, ಅದು ಎಲ್ಲಿ ಕೂರಬೇಕು ಎಂದು ಹೊಸ ಥೀಮಿಗೆ ಹೇಳಿಲ್ಲ ಅಷ್ಟೇ. ‘ಮುಖ್ಯ ಜಾಗ’ ಎಂಬಲ್ಲಿ ಟಿಕ್ ಮಾಡಿ ಉಳಿಸಿ.

ಹಳೆಯ ಥೀಮ್ ಚೆನ್ನಾಗೇ ಇತ್ತಲ್ಲ, ಬದಲಾಯಿಸಿದ್ದು ಯಾಕೆ? ಅದೂ ಮೇಲ್ವಿಚಾರಕಿ ಬರುವ ಹೊತ್ತಿಗೆ?

ಇಲ್ಲಿ ಕಲ್ಲು ಗಟ್ಟಿ. ದಿನಕ್ಕೆ ಒಂದೂವರೆ ಮೀಟರ್ ಕೊರೆದರೆ ಹಬ್ಬ. ಪ್ರತಿ ತುಂಡನ್ನೂ ಒಡೆದು ಪರೀಕ್ಷಿಸಿ, ತೂಗಿ, ಬರೆದಿಡುವುದು ನನ್ನ ಕೆಲಸ.

ಗುಂಡುಸೂಜಿ


ಮಾರ್ಚ್ 11

ಗುಂಡುಸೂಜಿ,

ಕಾಫಿ ಹುಡುಗಿ ಹೋದಳು, ಪಾಠಗಳು ಬಂದವು, ಮೆನುವೂ ಬಂತು. ನಿನ್ನ ಬಾಯಿಗೆ ಸಕ್ಕರೆ ಹಾಕ! ನಿನ್ನ ಮೇಲನ್ನು ದೊಡ್ಡಪ್ಪನೇ ಗಟ್ಟಿಯಾಗಿ ಓದಿದರು, ನನ್ನ ಕೈ ಹಿಟ್ಟಾಗಿತ್ತು. ಅವರು ಓದುವುದೆಂದರೆ ಬಸ್ ಸ್ಟಾಪು ಕೂಗಿದ ಹಾಗೆ. “ಓದುವಿಕೆ! ಓದುವಿಕೆ ಯಾರಿಳೀತೀರಿ?”

ಯಾಕೆ ಬದಲಾಯಿಸಿದೆ ಅಂದೆಯಲ್ಲ. ಹಳೆಯದು ಹಳತಾಗಿತ್ತು, ಅಷ್ಟೇ. ಒಂದೇ ಅಂಗಿಯನ್ನು ಆರು ವರ್ಷ ಯಾರು ತೊಡುತ್ತಾರೆ?

ಆದರೆ ನೆಮ್ಮದಿ ಎರಡು ದಿನವೂ ಉಳಿಯಲಿಲ್ಲ. ಇಂದು ಬೆಳಿಗ್ಗೆ ದೊಡ್ಡಪ್ಪನ ಫೋನಿನಲ್ಲಿ ತೆರೆದರೆ ಪುಟ ಬಲಕ್ಕೆ ಜಾರಿಕೊಂಡು ಪರದೆಯಿಂದಾಚೆ ಹೋಗಿದೆ. ಭುಜದ ಇಳಿಜಾರು ತೋರಿಸುವ ಚಿತ್ರದಲ್ಲಿ ಕುತ್ತಿಗೆ ಇದೆ, ಭುಜವೇ ಇಲ್ಲ. ಮೆನುವಿನ ಕೊನೆಯ ಎರಡು ಪದ ಕೆಳಗೆ ಬಿದ್ದು ಚಿತ್ರದ ಮೇಲೆ ಕೂತಿವೆ. ಅಳತೆಯ ಚಾರ್ಟು ಪುಟದ ತಳಕ್ಕೆ ಹೋಗಿದೆ. ಬೆಳಿಗ್ಗೆಯಿಂದ ಒಂಬತ್ತು ಸಲ ತೆರೆದೆ, ಒಂಬತ್ತು ಸಲ ಮುಚ್ಚಿದೆ. ತೆರೆದಾಗ ತಾನಾಗಿ ಸರಿಹೋಗಿರುತ್ತದೆ ಎಂಬ ಹುಚ್ಚು. ಒಂದು ಕಾಲರನ್ನು ಎರಡು ಸಲ ತಿರುವಿ ಹೊಲಿದೆ ಇದೇ ಗಡಿಬಿಡಿಯಲ್ಲಿ.

ನೀನೇ ಬಂದು ಎಂಟು ದಿನ ಇದ್ದು ನೋಡಿದರೆ ಆಗುವುದಿಲ್ಲವೇ? ಕಲ್ಲು ಎಲ್ಲಿಗೆ ಓಡಿಹೋಗುತ್ತದೆ? ಬಂದರೆ ನಿನ್ನನ್ನೂ ಒಮ್ಮೆ ನೋಡಿದ ಹಾಗಾಗುತ್ತದೆ.

ದೊಡ್ಡಮ್ಮ


ಮಾರ್ಚ್ 16

ದೊಡ್ಡಮ್ಮ,

ಒಂದೊಂದಾಗಿ ನೋಡಬೇಕು. ಒಟ್ಟಿಗೆ ಎಲ್ಲವನ್ನೂ ಎಳೆದರೆ ಯಾವ ದಾರ ಗಂಟಾಗಿದೆ ಎಂದು ತಿಳಿಯುವುದಿಲ್ಲ.

ಮೊದಲು ಬ್ರೌಸರಿನಲ್ಲಿ ಉಳಿದಿರುವ ಹಳೆಯ ಪ್ರತಿಗಳನ್ನು ಅಳಿಸಿ ಮತ್ತೆ ತೆರೆಯಿರಿ. ಸರಿಹೋಗದಿದ್ದರೆ ಪ್ಲಗಿನ್‌ಗಳನ್ನೆಲ್ಲ ಬಂದ್ ಮಾಡಿ. ಅವು ಬ್ಲಾಗಿಗೆ ಸೇರಿಸಿದ ಸಣ್ಣ ಸಣ್ಣ ಯಂತ್ರಗಳು, ಕೆಲವು ಹೊಸ ಥೀಮಿನೊಂದಿಗೆ ಜಗಳವಾಡುತ್ತವೆ. ಪುಟ ಸರಿಯಾಯಿತೋ ನೋಡಿ. ಸರಿಯಾದರೆ ಒಂದೊಂದಾಗಿ ಮತ್ತೆ ಹಚ್ಚಿ. ಯಾವುದನ್ನು ಹಚ್ಚಿದಾಗ ಕೆಡುತ್ತದೋ ಅದೇ ಕಳ್ಳ.

ಕೊನೆಯದು, ಮುಖ್ಯವಾದದ್ದು. ಥೀಮ್ ಹಾಕಿದ ಮೇಲೆ ನೀವು ಅದರಲ್ಲಿ ಏನಾದರೂ ಬದಲಾಯಿಸಿದ್ದೀರಾ? ಬಣ್ಣ, ಅಗಲ, ಏನಾದರೂ? ನಿಜ ಹೇಳಿ.

ಇನ್ನೊಂದು ಮಾತು. ಬಾ, ಬಂದು ಎಂಟು ದಿನ ಇರು ಎನ್ನುತ್ತೀರಿ. ಆ ಎಂಟು ದಿನ ಹೇಗೆ ಎಂಟು ತಿಂಗಳಾಗುತ್ತದೆ ಎಂದು ನನಗೆ ಗೊತ್ತು. ಅಂಗಡಿ ನೋಡಿಕೊಳ್ಳಲು ನನ್ನಿಂದಾಗದು ಎಂದು ಹೋದ ವರ್ಷವೇ ಹೇಳಿದ್ದೇನೆ. ನನಗೆ ಕಲ್ಲಿನ ಕೆಲಸ ಇಷ್ಟ. ಥೀಮ್ ನೆಪದಲ್ಲಿ ಮತ್ತೆ ಅದೇ ಮಾತು ಬೇಡ.

ನಮಸ್ಕಾರ


ಮಾರ್ಚ್ 18

ಮಗಳೇ,

ಅಂಗಡಿಯ ಮಾತು ಎತ್ತಿದವರು ಯಾರು? ನಾನಾ, ನೀನಾ? ನನ್ನ ಮೇಲನ್ನು ಮತ್ತೊಮ್ಮೆ ಓದು. ಕೆಳಗೆ ಸಹಿಯ ಜಾಗದಲ್ಲಿ ‘ನಮಸ್ಕಾರ’ ಎಂದು ಬರೆದಿದ್ದೀಯ, ಕಂಪನಿಯವರು ನೋಟಿಸು ಕೊಟ್ಟ ಹಾಗೆ. ದೊಡ್ಡಪ್ಪ ಅದನ್ನು ಓದಿ ಕನ್ನಡಕ ತೆಗೆದು ಒರೆಸುತ್ತಾ ಕೂತರು. ಅವರು ತಮಾಷೆ ಮಾಡದಿದ್ದರೆ ನನಗೆ ಭಯ.

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಹಳೆಯ ಪ್ರತಿ ಅಳಿಸಿದೆ. ಎಲ್ಲ ಪ್ಲಗಿನ್ ಬಂದ್ ಮಾಡಿದೆ. ಪುಟ ಸರಿಯಾಗಲಿಲ್ಲ, ಓದುಗರು ಪ್ರಶ್ನೆ ಕೇಳುವ ಪೆಟ್ಟಿಗೆ ಮಾತ್ರ ಮಾಯವಾಯಿತು. ಅದನ್ನು ಮತ್ತೆ ಹಚ್ಚಿದರೆ ಎರಡು ಪೆಟ್ಟಿಗೆ ಬಂದವು. ಹಲ್ಲುನೋವಿಗೆ ಹೋದವಳು ಕಿವಿಯನ್ನೂ ಕಳೆದುಕೊಂಡು ಬಂದಂತಾಯಿತು.

ಏನಾದರೂ ಬದಲಾಯಿಸಿದ್ದೀರಾ ಅಂದೆಯಲ್ಲ. ಇಲ್ಲ. ನಾನು ಏನನ್ನೂ ಮುಟ್ಟಿಲ್ಲ. ನನ್ನ ಕತ್ತರಿಯಾಣೆ.

ಇಂದು ಮೇಲ್ವಿಚಾರಕಿ ಫೋನ್ ಮಾಡಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು, “ನಿಮ್ಮ ಬ್ಲಾಗು ತೆಗೆದೆ, ಅರ್ಧಾನೇ ಕಾಣ್ತಿದೆಯಲ್ಲ? ಅಂಗಿಯ ಒಂದೇ ತೋಳು ಬಂದಿದೆ” ಎಂದರು.

“ಇನ್ನೊಂದು ತೋಳು ಹೊಲೀತಿದೀನಿ ಮೇಡಂ” ಎಂದೆ. ನಕ್ಕರು. ಆಮೇಲೆ, “ಹನ್ನೆರಡಕ್ಕೆ ಹೀಗೇ ಇದ್ರೆ ನಾನೇನೂ ಮಾಡೋಕಾಗಲ್ಲಮ್ಮ, ಪುಸ್ತಕ ತರಿಸೋಕೆ ಬರೆದುಬಿಡ್ತೀನಿ” ಎಂದರು. ಅದರಲ್ಲಿ ನಗು ಇರಲಿಲ್ಲ.

ಇನ್ನು ಇಪ್ಪತ್ತೈದು ದಿನ.

ದೊಡ್ಡಮ್ಮ


ಮಾರ್ಚ್ 20

ಗುಂಡುಸೂಜಿ,

ನಿನಗೆ ಭಾನುವಾರದವರೆಗೆ ಇದು ಸಿಗುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಈಗ ಇನ್ನೂ ಕೆಟ್ಟಿದೆ. ಕಂಪ್ಯೂಟರಿನಲ್ಲೂ ಚಾರ್ಟು ತಳದಲ್ಲೇ ಇದೆ. ಶೀರ್ಷಿಕೆಗಳು ಒಂದರ ಮೇಲೊಂದು ಹತ್ತಿ ಕೂತಿವೆ, ಹಬ್ಬದ ಹಿಂದಿನ ದಿನದ ಬಸ್ಸಿನ ಹಾಗೆ. ಥೀಮ್ ಮಾರಿದವನಿಗೆ ಬರೆದೆ. ‘ನಿಮ್ಮ ತೊಂದರೆ ನಮಗೆ ಮುಖ್ಯ’ ಎಂದು ಯಂತ್ರದಿಂದ ಉತ್ತರ ಬಂತು. ಮುಖ್ಯ ಅಂದ ಮೇಲೆ ಆರು ದಿನ ಕಾಯಿರಿ ಅಂತಲೂ ಇತ್ತು.

ನಿನ್ನ ಮೇಲೆ ಕೋಪವಿಲ್ಲ. ‘ಮಗಳೇ’ ಎಂದು ಬರೆದದ್ದು ಕೋಪಕ್ಕಲ್ಲ.

ಕೋಪಕ್ಕೇ. ಈಗ ಇಲ್ಲ.

ದೊಡ್ಡಮ್ಮ


ಮಾರ್ಚ್ 25

ಭಾನುವಾರ ಬಂತು, ಹೋಯಿತು. ನಿನ್ನ ಮೇಲ್ ಇಲ್ಲ. ಸುರಂಗದಲ್ಲಿ ಎಲ್ಲ ಕ್ಷೇಮ ತಾನೇ? ಥೀಮ್ ಹಾಳಾಗಿ ಹೋಗಲಿ, ಒಂದು ಸಾಲು ಹಾಕು.


ಮಾರ್ಚ್ 30

ದೊಡ್ಡಮ್ಮ,

ನಾನು ಕ್ಷೇಮ. ಹೋದ ವಾರ ನೆಟ್‌ವರ್ಕ್ ಇರಲಿಲ್ಲ.

ಸಿಹಿ ಸುದ್ದಿ! ಇವತ್ತು ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೂತು, ನೀವು ಕೊಟ್ಟಿದ್ದ ಪಾಸ್‌ವರ್ಡ್ ಹಾಕಿ, ನಾನೇ ನಿಮ್ಮ ಬ್ಲಾಗಿನ ಒಳಗೆ ಹೋದೆ. ಕಳ್ಳ ಸಿಕ್ಕಿದ. ಥೀಮಿನಲ್ಲಿ ‘ಹೆಚ್ಚುವರಿ ಸೂಚನೆ’ ಎಂಬ ಪೆಟ್ಟಿಗೆ ಇರುತ್ತದೆ. ಥೀಮ್ ಏನೇ ಹೇಳಲಿ, ಅದರಲ್ಲಿ ಬರೆದದ್ದೇ ಕೊನೆಯ ಮಾತು. ಅಲ್ಲಿ ಹದಿನಾಲ್ಕು ಸಾಲು ಇದ್ದವು. ಅಕ್ಷರದ ಗಾತ್ರ ಇಷ್ಟು, ಪುಟದ ಅಗಲ ಅಷ್ಟು, ಎಲ್ಲ ಬಿಗಿಯಾಗಿ ಕಟ್ಟಿಟ್ಟ ಹಾಗೆ. ಅದೂ ಇಂಚಿನಲ್ಲಿ! ಪುಟದ ಅಗಲ ಹನ್ನೊಂದು ಇಂಚು. ಮೂರು ಇಂಚಿನ ಫೋನಿನಲ್ಲಿ ಹನ್ನೊಂದು ಇಂಚು ಹೇಗೆ ಹಿಡಿಸಬೇಕು? ಅಕ್ಷರವಂತೂ ಅರ್ಧ ಇಂಚು. ಅದಕ್ಕೇ ಮೆನು ಮುರಿದು ಬಿದ್ದಿತ್ತು, ಚಾರ್ಟು ಜಾಗ ಸಿಗದೆ ತಳ ಸೇರಿತ್ತು. ಜೊತೆಗೆ ಬಂದಿದ್ದ ನಮ್ಮ ಎಲೆಕ್ಟ್ರಿಷಿಯನ್ ಬಿದ್ದು ಬಿದ್ದು ನಕ್ಕ. “ವೆಬ್ ಪುಟಕ್ಕೆ ಯಾರ್ರೀ ಇಂಚು ಹಿಡಿಯೋರು?” ಅಂದ.

ನೀವು ಮುಟ್ಟಿಲ್ಲ ಎಂದು ಆಣೆ ಹಾಕಿದ್ದೀರಿ. ಹಾಗಾದರೆ ಇದು ಥೀಮ್ ಮಾರಿದವನದೇ ಕಿತಾಪತಿ. ಹದಿನಾಲ್ಕು ಸಾಲನ್ನೂ ಅಳಿಸಿದೆ. ಈಗ ಎಲ್ಲ ಫೋನಿನಲ್ಲೂ ಎರಡೂ ತೋಳು ಕಾಣುತ್ತವೆ. ಮೇಲ್ವಿಚಾರಕಿಗೆ ಇವತ್ತೇ ಹೇಳಿ. ಹನ್ನೆರಡರವರೆಗೆ ಕಾಲು ಚಾಚಿ ಮಲಗಿ.

ನಿಮ್ಮ ಗುಂಡುಸೂಜಿ


ಮಾರ್ಚ್ 31

ಏನು ಮಾಡಿದೆ ನೀನು? ಎಲ್ಲ ಹೋಯಿತು. ಬೆಳಿಗ್ಗೆ ತೆರೆದರೆ ಏನೂ ಇಲ್ಲ. ಒಂದು ಅಕ್ಷರವೂ ಇಲ್ಲ, ಬರೀ ಬೂದು ಬೂದು. ದೊಡ್ಡಪ್ಪ “ಎಲ್ಲ ಇದೆಯಲ್ಲೇ, ಚೆನ್ನಾಗಿದೆ” ಅನ್ನುತ್ತಾರೆ. ನನಗಿಲ್ಲ. ಹೇಗಿತ್ತೋ ಹಾಗೆ ಮಾಡು. ಕೈಮುಗಿಯುತ್ತೇನೆ.


ಏಪ್ರಿಲ್ 6

ದೊಡ್ಡಮ್ಮ,

ನಿಮ್ಮ ನಾಲ್ಕು ಸಾಲು ಓದಿ ಮತ್ತೆ ಅದೇ ಕಂಪ್ಯೂಟರ್ ಅಂಗಡಿಯಲ್ಲಿ ಕೂತೆ. ಬ್ಲಾಗು ಸರಿಯಾಗೇ ಇತ್ತು. ಮೂರು ಫೋನಿನಲ್ಲಿ ನೋಡಿದೆ, ಸರಿಯಾಗೇ ಇತ್ತು. ಸಿಟ್ಟು ಬಂತು. ಅಳಿಸಿದ್ದನ್ನು ಮತ್ತೆ ತರಬಹುದೇ ಎಂದು ಹುಡುಕಿದೆ. ಆ ಪೆಟ್ಟಿಗೆಯಲ್ಲಿ ಬರೆದದ್ದರ ಹಳೆಯ ಪ್ರತಿಗಳೆಲ್ಲ ತಾರೀಖಿನ ಸಮೇತ ಉಳಿದಿರುತ್ತವೆ ಎಂದು ನನಗೂ ಗೊತ್ತಿರಲಿಲ್ಲ. ತೆರೆದು ನೋಡಿದೆ.

ಮಾರ್ಚ್ ಹತ್ತರಂದು ಅಕ್ಷರ ಕಾಲು ಇಂಚು. ಹದಿನಾಲ್ಕಕ್ಕೆ ಇಂಚಿನ ನೂರರಲ್ಲಿ ಮೂವತ್ತು ಭಾಗ. ಹತ್ತೊಂಬತ್ತಕ್ಕೆ ನಲವತ್ತು. ಇಪ್ಪತ್ತೇಳಕ್ಕೆ ಅರ್ಧ ಇಂಚು. ಪ್ರತಿಯೊಂದರ ಮುಂದೆಯೂ ಬರೆದವರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರೇ.

ಅಂಗಡಿಯವನು ಬಾಗಿಲು ಹಾಕಬೇಕು ಎಂದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ನೀವೇ ಹೇಳುತ್ತಿದ್ದಿರಲ್ಲ, ಗಿರಾಕಿಗಳು ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಆಮೇಲೆ ಗುಂಡಿ ಹಾಕಲು ಆಗದಿದ್ದರೆ ಟೈಲರನ್ನು ಬೈಯುತ್ತಾರೆ ಎಂದು. ನೀವೂ ಹಾಗೇ ಮಾಡಿದಿರಿ. ಅಳತೆ ಸುಳ್ಳು ಕೊಟ್ಟು ನನ್ನಿಂದ ಅಂಗಿ ಸರಿಮಾಡಿಸಿದಿರಿ.

ಕಣ್ಣಿಗೆ ಏನಾಗಿದೆ, ದೊಡ್ಡಮ್ಮ?

ನಾನೂ ಒಂದು ಹೇಳಬೇಕು. ಮಾರ್ಚ್ ಇಪ್ಪತ್ತಮೂರಕ್ಕೆ ನೆಟ್‌ವರ್ಕ್ ಇತ್ತು. ನಿಮ್ಮ ಮೇಲ್ ನೋಡಿದೆ, ತೆರೆಯಲಿಲ್ಲ. ಮತ್ತೆ ದೂರು, ಮತ್ತೆ ‘ಬಾ’ ಎನ್ನುವ ಮಾತು ಇರುತ್ತದೆ ಎಂದುಕೊಂಡೆ. ಸಿನಿಮಾ ನೋಡಿ ಬಂದೆ.

ಆ ಹದಿನಾಲ್ಕು ಸಾಲನ್ನು ವಾಪಸ್ ಹಾಕಿಲ್ಲ. ಹಾಕಿದರೆ ಹನ್ನೆರಡರಂದು ಇಪ್ಪತ್ತೆರಡು ಜನಕ್ಕೂ ಅರ್ಧ ಅಂಗಿಯೇ ಕಾಣುತ್ತದೆ. ನೀವು ಹೀಗೆ ಮಾಡಿ. ಕೀಲಿಮಣೆಯ ಎಡ ಮೂಲೆಯ ಕಂಟ್ರೋಲ್ ಕೀಲಿ ಒತ್ತಿಹಿಡಿದು, ಕೂಡಿಸುವ ಗುರುತನ್ನು ಐದಾರು ಸಲ ಒತ್ತಿ. ನಿಮ್ಮ ಪರದೆಯಲ್ಲಿ ಮಾತ್ರ ಅಕ್ಷರ ದೊಡ್ಡದಾಗುತ್ತದೆ, ಬ್ಲಾಗು ಇದ್ದ ಹಾಗೇ ಇರುತ್ತದೆ. ಭೂತಗನ್ನಡಿ ಹಿಡಿಯುವ ಬದಲು ನೀವು ಬಟ್ಟೆಯನ್ನೇ ದೊಡ್ಡದು ಮಾಡಿದ್ದಿರಿ.

ಉತ್ತರ ಬರೆಯಿರಿ. ನಾಳೆಯಿಂದ ದಿನಾ ಸಂಜೆ ಬೆಟ್ಟದ ತುದಿ ಹತ್ತುತ್ತೇನೆ, ಅಲ್ಲಿ ಒಂದು ಗೆರೆ ಸಿಗ್ನಲ್ ಬರುತ್ತದೆ.

ಗುಂಡುಸೂಜಿ


ಏಪ್ರಿಲ್ 8

ಗುಂಡುಸೂಜಿ,

ನಾನು ಹೇಳುತ್ತೇನೆ, ದೊಡ್ಡಪ್ಪ ಟೈಪ್ ಮಾಡುತ್ತಾರೆ. ಒಂದು ಬೆರಳಿನಲ್ಲಿ. (ಎರಡು ಬೆರಳು. ಇದು ನಾನು ಬರೆದದ್ದು. ದೊಡ್ಡಪ್ಪ.)

ನೋಟದ ನಡುವೆ ಮಂಜು ಬಿದ್ದಿದೆ. ಯಾವುದನ್ನು ನೋಡುತ್ತೇನೋ ಅದೇ ಕಾಣುವುದಿಲ್ಲ, ಅದರ ಅಕ್ಕಪಕ್ಕ ಕಾಣುತ್ತದೆ. ನಿನ್ನ ದೊಡ್ಡಪ್ಪನನ್ನು ನೋಡಿದರೆ ಎರಡು ಕಿವಿ ಇವೆ, ಮೂಗಿಲ್ಲ. (ಇಷ್ಟು ವರ್ಷ ಮೂಗಿನ ಮೇಲೇ ಜಗಳವಿತ್ತು. ತಪ್ಪಿತು.) ಕಣ್ಣಿನ ಡಾಕ್ಟರು ಡಿಸೆಂಬರಿನಲ್ಲೇ ಹೇಳಿದರು, ಇದು ಪೂರ್ತಿ ಕತ್ತಲಾಗುವುದಿಲ್ಲ, ಆದರೆ ಹಿಂದಕ್ಕೂ ಬರುವುದಿಲ್ಲ ಎಂದು. ತಿಂಗಳಿಗೊಂದು ಇಂಜೆಕ್ಷನ್ ಕೊಡುತ್ತಾರೆ. ಕೆಡುವುದನ್ನು ನಿಧಾನ ಮಾಡುತ್ತದಂತೆ.

ಹಳೆಯ ಥೀಮಿನಲ್ಲಿ ನನ್ನ ಪಾಠ ನನಗೇ ಓದಲು ಬರುತ್ತಿರಲಿಲ್ಲ. ದೊಡ್ಡ ಅಕ್ಷರದ್ದು ಎಂದು ಹೊಸದನ್ನು ತಂದೆ. ಅದೂ ಸಾಲಲಿಲ್ಲ. ಯಾರೋ ಪುಣ್ಯಾತ್ಮ ಪ್ರಶ್ನೋತ್ತರದ ಪುಟದಲ್ಲಿ ಆ ಪೆಟ್ಟಿಗೆಯ ವಿಷಯ ಬರೆದಿದ್ದ. ಅದಕ್ಕೆ ಇಂಚೂ ತಿಳಿಯುತ್ತದೆ ಎಂದು ನೋಡಿದಾಗ ಎಷ್ಟು ಖುಷಿಯಾಯಿತು ಗೊತ್ತಾ? ನಮ್ಮವನೇ ಅನ್ನಿಸಿತು. ಪುಟ ಮುರಿದದ್ದು ಅದರಿಂದಲೇ ಇರಬಹುದು ಎಂದು ಒಳಗೊಳಗೇ ಗೊತ್ತಿತ್ತು. ತೆಗೆದರೆ ನನಗೆ ಕಾಣದು, ಬಿಟ್ಟರೆ ಅವರಿಗೆ ಕಾಣದು. ನೀನು ಬೇರೇನಾದರೂ ದಾರಿ ಹುಡುಕುತ್ತೀಯ, ಕಾರಣ ಹೇಳದೆಯೇ ವಾಸಿಯಾಗುತ್ತದೆ ಎಂದುಕೊಂಡೆ. ಕತ್ತರಿಯಾಣೆ ಹಾಕಿ ಸುಳ್ಳು ಹೇಳಿದೆ. ಅದಕ್ಕೆ ಬೇರೆ ಶಿಕ್ಷೆ ಬೇಡ, ಆಗಿದೆ.

ಹೇಳಿದ್ದರೆ ನೀನು ಕೆಲಸ ಬಿಟ್ಟು ಓಡಿ ಬರುತ್ತಿದ್ದೆ. ಅಂಗಡಿಗೆ ಬಾ ಎಂದು ಹೋದ ವರ್ಷ ಕರೆದದ್ದು ನಿಜ. ಹೀಗೆ ಬರಲಿ ಎಂದು ಕರೆದಿರಲಿಲ್ಲ. ಮೊನ್ನೆ ಎಂಟು ದಿನ ಬಾ ಅಂದದ್ದು ಬೇರೆ. ನಿನ್ನ ಮುಖ ಇನ್ನೂ ಇಷ್ಟಾದರೂ ಕಾಣುವಾಗ ಒಮ್ಮೆ ನೋಡಿಕೊಳ್ಳಬೇಕಿತ್ತು.

ಕಂಟ್ರೋಲ್ ಒತ್ತಿ ಕೂಡಿಸಿದೆ. ಬಂತು. ಒಂದು ಸಾಲಿಗೆ ಮೂರು ಪದ ಬರುತ್ತದೆ, ಓರೆಯಾಗಿ ನೋಡಿದರೆ ಓದಬಹುದು. ಆದರೆ ಕೇಂದ್ರದಲ್ಲಿ ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸುತ್ತಾರಂತೆ. ಅಷ್ಟು ಜನರ ಮುಂದೆ ಓರೆಯಾಗಿ ನಿಂತು, ಒಂದು ಸಾಲು ಓದಲು ಒಂದು ನಿಮಿಷ ಮಾಡಿದರೆ ಪಾಠ ಹೇಳುವವಳೆಂದು ಯಾರು ಒಪ್ಪುತ್ತಾರೆ? ಮೊದಲ ಐದು ಪಾಠ ಬಾಯಿಪಾಠ ಮಾಡುತ್ತಿದ್ದೇನೆ. ದೊಡ್ಡಪ್ಪ ಪರೀಕ್ಷೆ ತೆಗೆದುಕೊಳ್ಳುತ್ತಾರೆ. (ನಾಲ್ಕರಲ್ಲಿ ಪಾಸು. ಪ್ಯಾಂಟಿನ ಜೇಬಿನಲ್ಲಿ ಫೇಲು.)

ಮೇಲ್ವಿಚಾರಕಿಗೆ ಹೇಳುವುದಿಲ್ಲ. ನೀನೂ ಹೇಳಬೇಡ.

ದೊಡ್ಡಮ್ಮ


ಏಪ್ರಿಲ್ 9

ದೊಡ್ಡಮ್ಮ,

ಬೆಟ್ಟದ ತುದಿಯಿಂದ. ಬೆರಳು ಮರಗಟ್ಟುತ್ತಿವೆ, ಚಿಕ್ಕದಾಗಿ ಬರೆಯುತ್ತೇನೆ.

ರಜೆ ಕೇಳಿದ್ದೇನೆ. ಇಪ್ಪತ್ತಕ್ಕೆ ಬರುತ್ತೇನೆ, ಎಂಟು ದಿನಕ್ಕೆ. ಹನ್ನೆರಡಕ್ಕೆ ಬರಲಾಗದು, ನನ್ನ ಜಾಗಕ್ಕೆ ಬರುವವಳು ಹದಿನೆಂಟರವರೆಗೆ ಸಿಗುವುದಿಲ್ಲ.

ಬ್ಲಾಗನ್ನು ಇವತ್ತೂ ನೋಡಿದೆ. ಎಲ್ಲ ಕಡೆ ಸರಿಯಿದೆ. ಇನ್ನು ಅದು ನಿಮಗೆ ಕೈಕೊಡುವುದಿಲ್ಲ.

ಮೇಲ್ವಿಚಾರಕಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಆದರೆ ಮುಚ್ಚಿಟ್ಟದ್ದರಿಂದ ಒಂದು ತಿಂಗಳು ಏನಾಯಿತು ಎಂದು ಇಬ್ಬರೂ ನೋಡಿದ್ದೇವೆ.

ನಿಮ್ಮ ಗುಂಡುಸೂಜಿ


ಏಪ್ರಿಲ್ 13

ಗುಂಡುಸೂಜಿ,

ನಿನ್ನೆ ಆಯಿತು. ಬಂದ ಕೂಡಲೇ ಬರೆಸಬೇಕಿತ್ತು. ಬಂದವಳೇ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲೇ ನಿದ್ದೆಹೋದೆನಂತೆ.

ಕೇಂದ್ರದ್ದು ಉದ್ದನೆಯ ಕೋಣೆ. ಎರಡು ಸಾಲು ಮೆಷಿನ್ನು, ಹಿಂದೆ ಕತ್ತರಿಸುವ ಮೇಜು, ಗೋಡೆಯ ಮೇಲೆ ನನ್ನ ಬ್ಲಾಗು. ಬಂದಿದೆ ಎಂದು ಬೆಳಕಿನಿಂದ ಗೊತ್ತಾಯಿತು. ಮೇಲ್ವಿಚಾರಕಿ “ಎಲ್ರೂ ನಿಮ್ಮ ನಿಮ್ಮ ಫೋನಲ್ಲಿ ತೆಗೀರಿ” ಎಂದರು. ನಾನು ಉಸಿರು ಹಿಡಿದೆ. ಇಪ್ಪತ್ತೆರಡು ಜನ. “ಬಂತು ಮೇಡಂ”, “ನಂದೂ ಬಂತು”, “ಎರಡೂ ತೋಳು ಇದೆ ಮೇಡಂ!” ಅಲ್ಲಿಗೆ ಅರ್ಧ ಜೀವ ಬಂತು.

ಮೊದಲ ಪಾಠ ಹೇಳಿದೆ. ಎರಡನೆಯದನ್ನೂ ಹೇಳಿದೆ. ಒಂದಕ್ಷರ ತಪ್ಪಲಿಲ್ಲ. ಆಗ ಆಕೆ, “ಮೂವತ್ತೆಂಟನೇ ಪಾಠ ತೆಗೀರಿ, ಎರಡು ಭುಜ ಸಮ ಇಲ್ಲದವರಿಗೆ ಅಂಗಿ. ಅದು ಯಾವ ಪುಸ್ತಕದಲ್ಲೂ ಇಲ್ಲ. ಮೂರನೇ ಸಾಲು ಓದಿ, ನಂಗೆ ಅರ್ಥ ಆಗಿಲ್ಲ” ಎಂದರು.

ಗೋಡೆ ನೋಡಿದೆ. ಬೂದು. ತಲೆ ಓರೆ ಮಾಡಿದೆ. ಯಾರೋ ಕಿಸಕ್ಕೆಂದರು.

“ಓದಕ್ಕಾಗಲ್ಲ ಮೇಡಂ” ಎಂದೆ. “ನಂಗೆ ಕಣ್ಣಿನ ನಡುಭಾಗ ಹೋಗ್ತಾ ಇದೆ. ಬರೆದಿದ್ದು ನಾನೇ. ಓದೋದಕ್ಕೆ ನನ್ನಿಂದ ಆಗಲ್ಲ.”

ಯಾರದೋ ಮೆಷಿನ್ನಿನ ಚಕ್ರ ತಾನೇ ಒಂದು ಸುತ್ತು ತಿರುಗಿ ನಿಂತದ್ದೂ ಕೇಳಿಸಿತು. ಮೇಲ್ವಿಚಾರಕಿ, “ಹಾಗಾದ್ರೆ ಪಾಠ ಹೇಳೋದು ಹೇಗಮ್ಮ?” ಎಂದರು. ಬೈಯಲಿಲ್ಲ, ಕೇಳಿದರು.

“ಓದೋದು ಅವರು. ಕತ್ತರಿಸೋದು ನಾನು” ಎಂದೆ. “ಬಟ್ಟೆ ಕೊಡಿ.”

ಕೊಟ್ಟರು. ಎದುರಿನ ಸಾಲಿನ ಒಬ್ಬಳನ್ನು ಎಬ್ಬಿಸಿ ಅವಳ ಎರಡು ಭುಜದ ಮೇಲೆ ಕೈಯಿಟ್ಟೆ. ಎಡ ತಗ್ಗು. ಭಾರದ ಚೀಲ ಹೊರುವ ಹೆಗಲು. ಒಬ್ಬರು ಸಾಲು ಓದಿದರು, ನಾನು ಬೆರಳಿನಲ್ಲಿ ಅಳೆದು ಕತ್ತರಿ ಹಾಕಿದೆ. ಎರಡನೆಯ ಸಾಲಿಗೇ ಅವರು ಓದುವುದನ್ನು ಬಿಟ್ಟು ಮೇಜಿನ ಸುತ್ತ ಬಂದು ನಿಂತಿದ್ದರು. “ಓದ್ರೇ, ನಿಂತು ನೋಡೋಕೆ ಇದೇನು ಸರ್ಕಸ್ಸಾ!” ಎಂದು ಗದರಿಸಬೇಕಾಯಿತು.

ಮೇಲ್ವಿಚಾರಕಿ ಟೇಪು ಹಿಡಿದು ಅಳೆದರು. ಕುತ್ತಿಗೆ ಸರಿ. ಬಲ ಭುಜ ಸರಿ. ಎಡ ಭುಜ ಕಾಲು ಇಂಚು ಹೆಚ್ಚು. ಅವರು ಹೇಳುವ ಮೊದಲೇ ನನಗೆ ಗೊತ್ತಿತ್ತು, ಕತ್ತರಿ ಅಲ್ಲಿ ಜಾರಿತ್ತು. ಹಿಂದೆಲ್ಲ ನಾನು ಒಂದು ಎಳೆಯಷ್ಟೂ ತಪ್ಪಿದವಳಲ್ಲ.

ಪಾಠ ತೆಗೆದುಕೊಳ್ಳುತ್ತಾರೆ, ಎಪ್ಪತ್ತೊಂದೂ. ಪುಸ್ತಕ ತರಿಸುವುದಿಲ್ಲ. ನನ್ನ ವಿಷಯಕ್ಕೆ, ಮೂರು ತಿಂಗಳು ನೋಡೋಣ ಎಂದಿದ್ದಾರೆ. ವಾರಕ್ಕೆರಡು ದಿನ, ಜೊತೆಗೆ ಓದುವವರೊಬ್ಬರು. ಆಮೇಲೆ ಎಲ್ಲರೂ ಹೊರಟ ಮೇಲೆ ನನ್ನ ಪಕ್ಕ ಬಂದು ಮೆಲ್ಲಗೆ, “ನಂಗೂ ಅಕ್ಷರ ಚಿಕ್ಕದೇ ಕಾಣುತ್ತೆ ಕಣ್ರೀ, ಅದನ್ನ ಹೇಗೆ ದೊಡ್ಡದು ಮಾಡೋದು?” ಎಂದರು. ಕಂಟ್ರೋಲ್ ಒತ್ತಿ ತೋರಿಸಿದೆ. ಇಂಚಿನ ವಿಷಯ ಹೇಳಲಿಲ್ಲ.

ಮೂರು ತಿಂಗಳಿಗೆ ಕಣ್ಣು ಎಲ್ಲಿರುತ್ತದೋ, ಆ ಕಾಲು ಇಂಚು ಅರ್ಧ ಇಂಚಾಗುತ್ತದೋ ಗೊತ್ತಿಲ್ಲ. ಇಂದು ಬೆಳಿಗ್ಗೆಯಿಂದ ಹಳೆಯ ಬಟ್ಟೆ ಹರಡಿಕೊಂಡು ಕಣ್ಣು ಮುಚ್ಚಿ ಕತ್ತರಿಸುತ್ತಿದ್ದೇನೆ. ಐದು ಭುಜ ಹಾಳಾದವು. ದೊಡ್ಡಪ್ಪ ಗೊಣಗುತ್ತಾ ಚೂರು ಆಯುತ್ತಿದ್ದಾರೆ. (ಗೊಣಗುತ್ತಿಲ್ಲ. ಆದರೆ ಇದು ಹಳೆಯ ಬಟ್ಟೆಯಲ್ಲ, ನನ್ನ ಕೋಟು.) ಆರನೆಯದು ಪರವಾಗಿಲ್ಲ. ಹಾಗಾಗಿ ಹೊಸ ಪಾಠವೊಂದನ್ನು ಶುರುಮಾಡಿದ್ದೇನೆ. ಬ್ಲಾಗಿಗೆ ಹಾಕುವ ಮೊದಲು ನೀನು ನೋಡು, ಥೀಮ್ ಹೇಗೂ ನಿನ್ನ ಕೈಗೆ ಪಳಗಿದೆ. ಇಷ್ಟಾಗಿದೆ:

‘ನೋಡದೆ ಕತ್ತರಿಸುವುದು. ಬಟ್ಟೆಯನ್ನು ಮೇಜಿನ ಮೇಲೆ ಹರಡಿ. ಕತ್ತರಿಯನ್ನು ದೂರ ಇಡಿ, ಅವಸರ ಬೇಡ. ಮೊದಲು ಅಂಗೈಯಿಂದ ಒಮ್ಮೆ ಪೂರ್ತಿ ಸವರಿ, ಎಳೆ ಯಾವ ಕಡೆಗೆ ಓಡುತ್ತದೆ ಎಂದು ಬಟ್ಟೆಯೇ ಹೇಳುತ್ತದೆ.’

ಮುಂದಿನ ಸಾಲು ನನಗೂ ಇನ್ನೂ ಗೊತ್ತಿಲ್ಲ.

ದೊಡ್ಡಮ್ಮ